ಮಿನಿಟ್ಸ್ ಬರೆಯುವವರು ಯಾರು? ಕಚೇರಿಯ ಸಮಾನತೆಯಲ್ಲಿ ಗಂಡಸರ ಪಾಲು

ಯಾವುದೇ ಕಚೇರಿಯಲ್ಲಿ ಮೀಟಿಂಗ್ ಮುಗಿಯುವ ಹೊತ್ತನ್ನು ಗಮನಿಸಿ. ಇಷ್ಟು ಹೊತ್ತು ಮಾತಾಡಿದ್ದನ್ನು ಯಾರಾದರೂ ಮಿನಿಟ್ಸ್ ಆಗಿ ಬರೆದು ಎಲ್ಲರಿಗೂ ಕಳಿಸಬೇಕಲ್ಲ ಎಂಬ ಮಾತು ಬರುತ್ತದೆ. ಕೋಣೆ ಒಮ್ಮೆಲೇ ಸುಮ್ಮನಾಗುತ್ತದೆ. ಒಬ್ಬರು ಫೋನ್ ತೆಗೆಯುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಕೊನೆಗೆ "ಸರಿ, ನಾನೇ ಬರೀತೀನಿ ಬಿಡಿ" ಎಂದು ಒಂದು ದನಿ ಕೇಳುತ್ತದೆ. ಅದು ಹೆಣ್ಣುದನಿಯಾಗಿರುವ ಸಾಧ್ಯತೆಯೇ ಹೆಚ್ಚು.

ಇದನ್ನು ಅಳೆದು ನೋಡಿದವರಿದ್ದಾರೆ. ಲಿಂಡಾ ಬ್ಯಾಬ್‌ಕಾಕ್, ಮರಿಯಾ ರೆಕಾಲ್ಡೆ, ಲೀಸ್ ವೆಸ್ಟರ್‌ಲುಂಡ್ ಮತ್ತು ಲಾರಿ ವೀನ್‌ಗಾರ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಮೂರು ಜನರ ಗುಂಪುಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ಎರಡು ನಿಮಿಷದೊಳಗೆ ಗುಂಪಿನಲ್ಲಿ ಒಬ್ಬರು ಬಟನ್ ಒತ್ತಬೇಕು. ಯಾರೂ ಒತ್ತದಿದ್ದರೆ ಎಲ್ಲರಿಗೂ ತಲಾ ಒಂದು ಡಾಲರ್. ಒಬ್ಬರು ಒತ್ತಿದರೆ ಉಳಿದಿಬ್ಬರಿಗೆ ಎರಡೆರಡು ಡಾಲರ್, ಒತ್ತಿದವರಿಗೆ ಮಾತ್ರ ಒಂದೂಕಾಲು. ಕೆಲಸ ಆಗಲೇಬೇಕು, ಆದರೆ ಮಾಡಿದವರಿಗೆ ಉಳಿದವರಿಗಿಂತ ಕಡಿಮೆ ಲಾಭ. ಹೆಚ್ಚುಕಡಿಮೆ ಮಿನಿಟ್ಸ್ ಬರೆಯುವ ಕೆಲಸದ ಹಾಗೆ. ಗಂಡು ಹೆಣ್ಣು ಇಬ್ಬರೂ ಇದ್ದ ಗುಂಪುಗಳಲ್ಲಿ ಮಹಿಳೆಯರು ಪುರುಷರಿಗಿಂತ ಶೇ 48ರಷ್ಟು ಹೆಚ್ಚು ಸಲ ಬಟನ್ ಒತ್ತಿದರು. ಬರೀ ಗಂಡಸರೇ ಇದ್ದ ಗುಂಪುಗಳಲ್ಲಿ ಗಂಡಸರು, ಬರೀ ಮಹಿಳೆಯರ ಗುಂಪಿನಷ್ಟೇ ಸಲೀಸಾಗಿ ಒತ್ತಿದರು. ಅಂದರೆ ಗಂಡಸರಿಗೆ ಆ ಕೆಲಸ ಬರುತ್ತದೆ. ಪಕ್ಕದಲ್ಲಿ ಮಹಿಳೆಯಿದ್ದರೆ ಆಕೆ ಮಾಡಲಿ ಎಂದು ಕಾಯುತ್ತಾರೆ, ಅಷ್ಟೇ. ಯಾರಿಗಾದರೂ ಈ ಕೆಲಸ ಒಪ್ಪಿಸಿ ಎಂದು ಬೇರೊಬ್ಬರನ್ನು ಕೇಳಿಕೊಂಡಾಗ ಮಹಿಳೆಯರತ್ತ ಶೇ 44ರಷ್ಟು ಹೆಚ್ಚು ಬೇಡಿಕೆ ಹೋಯಿತು. ಕೇಳಿದಾಗ ಮಹಿಳೆಯರು ಶೇ 76ರಷ್ಟು ಸಲ, ಪುರುಷರು ಶೇ 51ರಷ್ಟು ಸಲ ಒಪ್ಪಿದರು. ಮಹಿಳೆಯರನ್ನೇ ಆರಿಸಿ ಕೇಳಿದವರಲ್ಲಿ ಮಹಿಳೆಯರೂ ಇದ್ದರು.

ಉದ್ಯೋಗದಲ್ಲಿ ಸಮಾನತೆಗೆ ಗಂಡಸರ ಬೆಂಬಲ ಎಂದ ಕೂಡಲೇ ಪ್ರತಿಜ್ಞೆ, ಭಾಷಣ, ಮಾರ್ಚ್ 8ರ ಹೂಗುಚ್ಛ ಕಣ್ಣಮುಂದೆ ಬರುತ್ತವೆ. ಅವುಗಳಿಂದ ಹಾನಿಯೇನೂ ಇಲ್ಲ, ಹೂವು ಎರಡು ದಿನಕ್ಕೆ ಬಾಡುತ್ತದೆ. ಆದರೆ ಯಾರ ಬಡ್ತಿ ಯಾರ ಕೈಗೆ ಹೋಗುತ್ತದೆ ಎಂಬುದು ತೀರ್ಮಾನವಾಗುವುದು ಬೇರೆ ಕಡೆ: ಮಿನಿಟ್ಸ್‌ನಲ್ಲಿ, ಅಪ್ರೈಸಲ್ ಫಾರ್ಮಿನ ಒಂದು ಸಾಲಿನಲ್ಲಿ, ಆಫರ್ ಲೆಟರಿನ ಅಂಕಿಯಲ್ಲಿ, ರಜೆಯ ಅರ್ಜಿಯಲ್ಲಿ. ಈ ಕಾಗದಗಳ ಮೇಲೆ ಸಹಿ ಹಾಕುವ ಪೆನ್ನು ಇಂದಿಗೂ ಬಹುಪಾಲು ಗಂಡಸರ ಜೇಬಿನಲ್ಲಿದೆ. ಈ ಲೇಖನ ಆ ಕಾಗದಗಳ ಬಗ್ಗೆ.

ಲೆಕ್ಕಕ್ಕೆ ಬಾರದ ಕೆಲಸ

ಮೊದಲು ಒಂದು ಪಟ್ಟಿ ಬೇಕು. ಒಂದು ತಿಂಗಳು, ನಿಮ್ಮ ತಂಡದಲ್ಲಿ ಇವನ್ನೆಲ್ಲ ಯಾರು ಮಾಡಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ: ಮಿನಿಟ್ಸ್, ಮೀಟಿಂಗ್‌ಗೆ ಎಲ್ಲರ ಸಮಯ ಹೊಂದಿಸುವುದು, ಹೊಸಬರಿಗೆ ಕೆಲಸ ತೋರಿಸುವುದು, ಇಂಟರ್ನ್‌ಗಳನ್ನು ನೋಡಿಕೊಳ್ಳುವುದು, ಬೀಳ್ಕೊಡುಗೆಗೆ ಹಣ ಎತ್ತುವುದು, ಬೇರೆಯವರ ಸ್ಲೈಡಿನ ತಪ್ಪು ತಿದ್ದುವುದು, ಸಿಟ್ಟಾದ ಕ್ಲೈಂಟನ್ನು ಸಮಾಧಾನ ಮಾಡುವುದು, ಸಮಿತಿಗಳಲ್ಲಿ ಕೂರುವುದು. ಪಕ್ಕದ ಕಾಲಮ್ಮಿನಲ್ಲಿ ಹೊಸ ಕ್ಲೈಂಟ್, ಹೊಸ ಪ್ರಾಜೆಕ್ಟ್, ಮೇಲಧಿಕಾರಿಗಳ ಮುಂದೆ ಪ್ರೆಸೆಂಟೇಷನ್ ಯಾರಿಗೆ ಸಿಕ್ಕವು ಎಂದು ಬರೆಯಿರಿ. ಎರಡೂ ಕಾಲಮ್ಮನ್ನು ಒಟ್ಟಿಗೆ ನೋಡಿದಾಗ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಪರಿಹಾರವಾಗಿ "ಯಾರಾದರೂ ಮುಂದೆ ಬನ್ನಿ" ಎಂದು ಕೇಳುವ ಪದ್ಧತಿಯನ್ನೇ ಬಿಡಬೇಕು. ಆ ಪ್ರಶ್ನೆ ಏನು ಮಾಡುತ್ತದೆಂದು ಮೇಲಿನ ಪ್ರಯೋಗ ತೋರಿಸಿದೆ. ಅದರ ಬದಲು ಸರದಿ ಹಾಕಿ. ಹೆಸರುಗಳ ಅಕಾರಾದಿ ಸಾಕು, ತಂಡದ ಮುಖ್ಯಸ್ಥರೂ ಸೇರಿ. ಮೊದಲ ಸರದಿ ಮುಖ್ಯಸ್ಥರದೇ ಆದರೆ ಅದು ಕೀಳು ಕೆಲಸ ಎಂಬ ಭಾವನೆ ಅಲ್ಲಿಗೇ ಹೋಗುತ್ತದೆ. ಗೈರಾದವರು ಸರದಿಯನ್ನು ಅದಲುಬದಲು ಮಾಡಿಕೊಳ್ಳಬಹುದು, ಬಿಟ್ಟುಬಿಡುವಂತಿಲ್ಲ.

ಸರದಿ ಎಲ್ಲಿ ಕೆಡುತ್ತದೆ ಎಂಬುದನ್ನೂ ತಿಳಿದಿರಬೇಕು. ಮೂರನೇ ವಾರಕ್ಕೆ ಒಬ್ಬ ಗಂಡಸಿನ ಸರದಿ ಬರುತ್ತದೆ. ಆತ ನಾಲ್ಕು ದಿನ ತಡವಾಗಿ, ಯಾರು ಏನು ಒಪ್ಪಿಕೊಂಡರು ಎಂಬುದೇ ಇಲ್ಲದ ಆರು ಸಾಲು ಕಳಿಸುತ್ತಾನೆ. "ಅವರಿಗೆ ಇದೆಲ್ಲ ಬರಲ್ಲ, ನೀವೇ ಬರೆದುಬಿಡಿ" ಎಂದು ಕೆಲಸ ಮತ್ತೆ ಹಳೆಯ ಮೇಜಿಗೇ ಬಂದು ಬೀಳುತ್ತದೆ. ಹೀಗಾಗದಂತೆ ನಮೂನೆ ಮೊದಲೇ ಗೊತ್ತಿರಲಿ. ನಿರ್ಧಾರ ಏನು, ಯಾರ ಹೊಣೆ, ಯಾವ ತಾರೀಕಿನೊಳಗೆ ಎಂಬ ಮೂರು ಕಾಲಮ್, 24 ಗಂಟೆಯೊಳಗೆ ಕಳಿಸಬೇಕು. ಸರಿಯಾಗಿಲ್ಲದಿದ್ದರೆ ಬರೆದವರೇ ಮತ್ತೆ ಬರೆಯಲಿ, ಮುಂದಿನ ಸಭೆಯೂ ಅವರ ಪಾಲಿಗೇ ಇರಲಿ. "ನಿಮ್ಮ ಅಕ್ಷರ ಚೆನ್ನಾಗಿದೆ" ಎಂಬ ಹೊಗಳಿಕೆ, ಎಲ್ಲವನ್ನೂ ಟೈಪ್ ಮಾಡುವ ಕಾಲದಲ್ಲೂ ಕೇಳಿಬರುವುದು ಒಂದು ಸೋಜಿಗ.

ಮಹಿಳೆಯರೇ ಇಂಥ ಕೆಲಸ ಬೇಡ ಎನ್ನಲಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದರ ತೊಡಕನ್ನು ಮ್ಯಾಡಲಿನ್ ಹೈಲ್ಮನ್ ಮತ್ತು ಜೂಲಿ ಚೆನ್ 2005ರಲ್ಲಿ ತೋರಿಸಿದರು. ಸಹೋದ್ಯೋಗಿಗೆ ನೆರವಾದ ಗಂಡಸಿಗೆ ಮೌಲ್ಯಮಾಪನದಲ್ಲಿ ಅಂಕ ಏರಿತು, ಅದೇ ನೆರವು ನೀಡಿದ ಮಹಿಳೆಗೆ ಏರಲಿಲ್ಲ. ನೆರವಾಗಲಾರೆ ಎಂದ ಮಹಿಳೆಗೆ ಅಂಕ ಇಳಿಯಿತು, ಹಾಗೆಂದ ಗಂಡಸಿಗೆ ಇಳಿಯಲಿಲ್ಲ. ಆಕೆ ಮಾಡಿದರೆ ಅದು ಸ್ವಭಾವ, ಮಾಡದಿದ್ದರೆ ದೋಷ. ಆತ ಮಾಡಿದರೆ ಔದಾರ್ಯ, ಮಾಡದಿದ್ದರೆ ಬಿಡುವಿಲ್ಲದವ. ಆದ್ದರಿಂದ ಬೇಡ ಎನ್ನುವ ಹೊಣೆಯನ್ನು ಆಕೆಯ ತಲೆಗೆ ಕಟ್ಟುವ ಬದಲು, ಬೇಕು ಎನ್ನುವ ಹೊಣೆ ಗಂಡಸರು ಹೊರುವುದೇ ಅಗ್ಗದ ದಾರಿ.

ಅಡ್ಡಮಾತು

ಅಮೆರಿಕದ ಸುಪ್ರೀಂ ಕೋರ್ಟ್‌ನ ವಿಚಾರಣೆಗಳು ಶಬ್ದಶಃ ದಾಖಲಾಗುತ್ತವೆ. ಟೋನ್ಯಾ ಜೇಕಬಿ ಮತ್ತು ಡಿಲನ್ ಶ್ವೀರ್ಸ್ ಆ ದಾಖಲೆಗಳನ್ನು ಕೂತು ಎಣಿಸಿ 2017ರಲ್ಲಿ ವರದಿ ಮಾಡಿದರು. 2015ರ ಅವಧಿಯಲ್ಲಿ ಪೀಠದಲ್ಲಿದ್ದ ಮಹಿಳೆಯರು ಮೂವರು. ನ್ಯಾಯಮೂರ್ತಿಗಳ ಮಾತಿಗೆ ಅಡ್ಡಬಂದ ಎಲ್ಲ ಪ್ರಸಂಗಗಳಲ್ಲಿ ಶೇ 65.9 ಆ ಮೂವರ ಪಾಲಿಗೆ ಬಂದಿದ್ದವು. ಅಡ್ಡಬಂದವರಲ್ಲಿ ವಕೀಲರೂ ಇದ್ದರು, ನ್ಯಾಯಮೂರ್ತಿ ಮಾತಾಡುವಾಗ ವಕೀಲರು ಸುಮ್ಮನಿರಬೇಕೆಂಬ ನಿಯಮವಿದ್ದೂ. ಮಹಿಳಾ ನ್ಯಾಯಮೂರ್ತಿಗಳು ವರ್ಷ ಕಳೆದಂತೆ "ಕ್ಷಮಿಸಿ", "ಒಂದು ಪ್ರಶ್ನೆ ಕೇಳಬಹುದೇ" ಎಂಬ ಪೀಠಿಕೆಗಳನ್ನು ಕೈಬಿಟ್ಟು ನೇರವಾಗಿ ಪ್ರಶ್ನೆಗೇ ಇಳಿಯುವುದನ್ನು ಕಲಿತದ್ದೂ ದಾಖಲೆಯಲ್ಲಿ ಕಾಣಿಸಿತು. ದೇಶದ ಅತ್ಯುನ್ನತ ಪೀಠದ ಗತಿ ಇದಾದರೆ ಸೇಲ್ಸ್ ರಿವ್ಯೂ ಮೀಟಿಂಗ್‌ನದು ಹೇಗಿರಬಹುದು ಎಂದು ಬೇರೆ ಹೇಳಬೇಕಿಲ್ಲ.

2021ರಲ್ಲಿ ಆ ನ್ಯಾಯಾಲಯ ವಾದದ ಕ್ರಮವನ್ನೇ ಬದಲಿಸಿತು. ಮುಕ್ತ ಪ್ರಶ್ನೋತ್ತರ ಮುಗಿದ ಮೇಲೆ ಪ್ರತಿ ನ್ಯಾಯಮೂರ್ತಿಗೂ ಹಿರಿತನದ ಪ್ರಕಾರ ಸರದಿ ಸಿಗುವಂತಾಯಿತು. ಆ ಬಗೆಯ ಅಧ್ಯಯನಗಳು ಪರಿಣಾಮ ಬೀರಿದವು ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮಾಯರ್ ಸಾರ್ವಜನಿಕವಾಗಿಯೇ ಹೇಳಿದರು. ಎಲ್ಲರೂ ಸೌಜನ್ಯದಿಂದಿರಿ ಎಂದು ಯಾರೂ ಬೋಧನೆ ಮಾಡಲಿಲ್ಲ, ಸರದಿ ಹಾಕಿದರು. ನಿಮ್ಮ ಸಭೆಗೂ ಇದೇ ಮದ್ದು. ಅಧ್ಯಕ್ಷತೆ ವಹಿಸಿದವರು ಕೊನೆಯ ಹತ್ತು ನಿಮಿಷ ಉಳಿಸಿಕೊಂಡು ಈವರೆಗೆ ಮಾತಾಡದವರಿಗೆ ಒಬ್ಬೊಬ್ಬರಿಗೇ ಅವಕಾಶ ಕೊಡುವುದು ಕಷ್ಟದ ಕೆಲಸವೇನಲ್ಲ.

ಅಧ್ಯಕ್ಷರಲ್ಲದವರು ಏನು ಮಾಡಬೇಕು? ಸುಮಾ ಎಂಬುವರು ಮಾತಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಡುವೆ ಒಬ್ಬರು ಬಾಯಿ ಹಾಕಿದರು. ಇಲ್ಲಿ ಎರಡು ಬಗೆಯ 'ಸಹಾಯ' ಇದೆ.

"ಸುಮಾ ಹೇಳ್ತಿರೋದು ಏನಂದ್ರೆ, ನಾವು ಬಿಡುಗಡೆಯನ್ನ ಎರಡು ಹಂತ ಮಾಡಬೇಕು ಅಂತ. ಯಾಕಂದ್ರೆ…" ಇದು ಮೊದಲನೆಯದು. ಹೇಳಿದವರ ಉದ್ದೇಶ ಒಳ್ಳೆಯದೇ. ಆದರೆ ಐದು ನಿಮಿಷದಲ್ಲಿ ಆ ಯೋಚನೆ ಅವರದಾಗಿರುತ್ತದೆ, ಪ್ರಶ್ನೆಗಳೆಲ್ಲ ಅವರತ್ತ ತಿರುಗಿರುತ್ತವೆ.

"ಒಂದು ನಿಮಿಷ, ಸುಮಾ ಅವರ ಮಾತು ಮುಗಿದಿಲ್ಲ. ಸುಮಾ, ಎರಡು ಹಂತದ ವಿಷಯ ಹೇಳ್ತಿದ್ರಿ." ಇದು ಎರಡನೆಯದು. ಇಷ್ಟು ಹೇಳಿ ಬಾಯಿ ಮುಚ್ಚಬೇಕು. ಹೆಸರು, ವಿಷಯ, ಮಾತು ವಾಪಸ್. ಬಾಯಿ ಮುಚ್ಚುವ ಭಾಗವೇ ಬಹಳ ಜನರಿಗೆ ಕಷ್ಟವಾಗುತ್ತದೆ.

ಬರಾಕ್ ಒಬಾಮ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ಮಹಿಳಾ ಸಿಬ್ಬಂದಿ ತಮ್ಮೊಳಗೇ ಇಂಥದೊಂದು ರೂಢಿ ಮಾಡಿಕೊಂಡಿದ್ದರು. ಒಬ್ಬಾಕೆ ಮುಖ್ಯವಾದ ಮಾತು ಹೇಳಿದರೆ ಇನ್ನೊಬ್ಬಾಕೆ ಅದನ್ನು, ಹೇಳಿದವರ ಹೆಸರಿನ ಸಮೇತ, ಮತ್ತೆ ಹೇಳುತ್ತಿದ್ದರು. ಆ ಕೆಲಸವನ್ನು ಗಂಡಸರು ಮಾಡಬಾರದೆಂದೇನೂ ಇಲ್ಲ. ಬರಹದಲ್ಲಂತೂ ಇದು ಇನ್ನೂ ಸುಲಭ. ಸ್ಲೈಡಿನ ಕೆಳಗೆ ವಿಶ್ಲೇಷಣೆ ಮಾಡಿದವರ ಹೆಸರಿರಲಿ. ಮೇಲಧಿಕಾರಿಗೆ ಹೋಗುವ ಇಮೇಲ್‌ನಲ್ಲಿ 'ನಮ್ಮ ತಂಡ' ಎಂಬ ಮೋಡದಂಥ ಪದದ ಬದಲು ಯಾರು ಏನು ಮಾಡಿದರು ಎಂದಿರಲಿ, ಅವರಿಗೂ ಅದರ ಪ್ರತಿ ಹೋಗಲಿ.

ಬಾಗಿಲು ಹಾಕಿದ ಕೋಣೆ

ಮೇಲೆ ಹೇಳಿದ್ದೆಲ್ಲ ಎಲ್ಲರ ಎದುರು ನಡೆಯುವಂಥದ್ದು. ಹೆಚ್ಚು ನಿರ್ಣಾಯಕವಾದದ್ದು ಯಾರ ಬಗ್ಗೆ ಮಾತು ನಡೆಯುತ್ತಿದೆಯೋ ಅವರಿಲ್ಲದ ಕೋಣೆಯಲ್ಲಿ ನಡೆಯುತ್ತದೆ: ನೇಮಕಾತಿಯ ಶಾರ್ಟ್‌ಲಿಸ್ಟ್, ವರ್ಷಾಂತ್ಯದ ರೇಟಿಂಗ್, ಬಡ್ತಿಯ ಪಟ್ಟಿ. ಗಂಡಸರ ಬೆಂಬಲಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿ.

2012ರಲ್ಲಿ ಕೊರಿನ್ ಮಾಸ್-ರಕ್ಯೂಸಿನ್ ಮತ್ತು ಸಂಗಡಿಗರು ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಯ ಅರ್ಜಿಯೊಂದನ್ನು ಕಳಿಸಿದರು. ಅರ್ಜಿ ಅಕ್ಷರಶಃ ಒಂದೇ. ಅರ್ಧ ಜನಕ್ಕೆ ಅಭ್ಯರ್ಥಿಯ ಹೆಸರು ಜಾನ್, ಉಳಿದರ್ಧಕ್ಕೆ ಜೆನಿಫರ್. ಜಾನ್‌ಗೆ ಸೂಚಿಸಿದ ಸರಾಸರಿ ವಾರ್ಷಿಕ ಸಂಬಳ 30,238 ಡಾಲರ್, ಜೆನಿಫರ್‌ಗೆ 26,508. ಸಾಮರ್ಥ್ಯದ ಅಂಕದಲ್ಲೂ ಜಾನ್ ಮುಂದೆ. ಮಹಿಳಾ ಪ್ರಾಧ್ಯಾಪಕರೂ ಪುರುಷರಷ್ಟೇ ಪಕ್ಷಪಾತ ತೋರಿದ್ದರು. 'ನಾನು ಹಾಗೆಲ್ಲ ಭೇದ ಮಾಡುವವನಲ್ಲ' ಎಂಬ ಆತ್ಮವಿಶ್ವಾಸದಿಂದ ಏನೂ ಆಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಲ್ಲಿದ್ದ ಪ್ರಾಧ್ಯಾಪಕರೂ ಹಾಗೆಂದೇ ಹೇಳುತ್ತಿದ್ದರೇನೋ.

ಹಾಗಾಗಿ ಮಾನದಂಡ ಮೊದಲು, ಹೆಸರು ಆಮೇಲೆ. ಈ ಹುದ್ದೆಗೆ ಬೇಕಾದ ನಾಲ್ಕೈದು ಸಂಗತಿಗಳೇನು, ಪ್ರತಿಯೊಂದಕ್ಕೂ ಎಷ್ಟು ತೂಕ ಎಂಬುದನ್ನು ಅರ್ಜಿ ತೆರೆಯುವ ಮುನ್ನ ಬರೆದಿಡಬೇಕು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ. ಸಂದರ್ಶಕರು ಪರಸ್ಪರ ಮಾತಾಡುವ ಮೊದಲು ಅಂಕ ಬರೆದು ಕೊಡಬೇಕು. ಇಲ್ಲದಿದ್ದರೆ ಹಿರಿಯರೊಬ್ಬರು ಹೊರಬರುತ್ತ "ಹುಡುಗ ಚುರುಕಾಗಿದ್ದಾನೆ" ಎಂದ ಒಂದು ಮಾತು ಉಳಿದ ಮೂವರ ಅಂಕವನ್ನೂ ಎಳೆದುಕೊಂಡು ಹೋಗುತ್ತದೆ. ಮಾನದಂಡವನ್ನು ಕೊನೆಯಲ್ಲಿ ಬರೆದರೆ ಆಗುವ ತಪ್ಪೂ ಇಂಥದೇ. ಮೆಚ್ಚಿದ ಅಭ್ಯರ್ಥಿಗೆ ಅನುಭವ ಹೆಚ್ಚಿದ್ದರೆ ಅನುಭವವೇ ಮುಖ್ಯ, ಡಿಗ್ರಿ ದೊಡ್ಡದಿದ್ದರೆ ಡಿಗ್ರಿಯೇ ಮುಖ್ಯ ಎಂದು ನ್ಯಾಯ ಜಾರುತ್ತದೆ.

ರೇಟಿಂಗ್ ಸಭೆಯಲ್ಲಿ ಕಿವಿ ಇಡಬೇಕಾದದ್ದು ಪದಗಳ ಮೇಲೆ. ಭಾಷಾತಜ್ಞೆ ಕೀರನ್ ಸ್ನೈಡರ್ 2014ರಲ್ಲಿ ತಂತ್ರಜ್ಞಾನ ಕಂಪನಿಗಳ 248 ಮೌಲ್ಯಮಾಪನ ಬರಹಗಳನ್ನು ಸಂಗ್ರಹಿಸಿ ಓದಿದರು. ದನಿ ತಗ್ಗಿಸಿ, ಸ್ವಲ್ಪ ಹಿಂದೆ ಸರಿಯಿರಿ ಎಂಬಂಥ, ವ್ಯಕ್ತಿತ್ವವನ್ನೇ ಹಿಡಿದು ಮಾಡಿದ ಟೀಕೆ ಮಹಿಳೆಯರಿಗೆ ಬಂದ 94 ಟೀಕೆಯುಳ್ಳ ಬರಹಗಳಲ್ಲಿ 71ರಲ್ಲಿತ್ತು. ಗಂಡಸರಿಗೆ ಬಂದ ಅಂಥ 83 ಬರಹಗಳಲ್ಲಿ ಎರಡರಲ್ಲಿ. ಕೆಲಸದ ಬಗೆಗಿನ ಟೀಕೆಯನ್ನು ತಿದ್ದಿಕೊಳ್ಳಬಹುದು. ದನಿಯ ಬಗೆಗಿನ ಟೀಕೆಯನ್ನು ಇಟ್ಟುಕೊಂಡು ಮುಂದಿನ ವರ್ಷ ಏನು ಮಾಡುವುದು?

ಆ ಕೋಣೆಯಲ್ಲಿ ಮತ್ತೆ ಮತ್ತೆ ಬರುವ ಮೂರು ವಾಕ್ಯಗಳಿವೆ. ಅವುಗಳಿಗೆ ಉತ್ತರ ಸಿದ್ಧವಿದ್ದರೆ ಆಯಿತು, ಜಗಳ ಬೇಡ.

"ಸ್ವಲ್ಪ ಜೋರು ಆಕೆ." ಕೇಳಬೇಕಾದದ್ದು: ಯಾವ ಸಂದರ್ಭದಲ್ಲಿ, ಏನಾಯಿತು, ಕೆಲಸಕ್ಕೆ ಏನು ತೊಂದರೆಯಾಯಿತು? ಘಟನೆ ಇದ್ದರೆ ಅದನ್ನೇ ಬರೆಯೋಣ, ಇಲ್ಲದಿದ್ದರೆ ಪದ ತೆಗೆಯೋಣ. ಬಹಳ ಸಲ ಪದವೇ ಹೋಗುತ್ತದೆ.

"ಇನ್ನೂ ರೆಡಿ ಇಲ್ಲ." ಏನು ಕಡಿಮೆ, ಅದನ್ನು ಕೊಡಿಸುವ ಪ್ರಾಜೆಕ್ಟ್ ಯಾವುದು, ಯಾವ ತಾರೀಕಿಗೆ ಮತ್ತೆ ನೋಡುತ್ತೇವೆ? ಇದೇ ಕೊರತೆ ಇರುವ ಗಂಡಸು ಈ ಪಟ್ಟಿಯಲ್ಲಿದ್ದಾನೆಯೇ ಎಂದು ಕಣ್ಣಾಡಿಸಲೂ ಇದೇ ಸಮಯ.

"ಚಿಕ್ಕ ಮಗು ಇದೆ, ಪ್ರಯಾಣ ಅವರಿಗೆ ಕಷ್ಟ." ಅವರನ್ನು ಕೇಳಿದ್ದೀವಾ? ಈ ಅನುಕಂಪದ ಮಾತು ಮೂರರಲ್ಲಿ ಅತಿ ಅಪಾಯದ್ದು, ಏಕೆಂದರೆ ಆಡಿದವರಿಗೆ ತಾವು ಒಳ್ಳೆಯವರೆಂಬ ನೆಮ್ಮದಿ ಕೊಡುತ್ತದೆ. ಶೆಲ್ಲಿ ಕೊರೆಲ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ ಒಂದೇ ಅರ್ಹತೆಯ ಅರ್ಜಿಗಳಲ್ಲಿ ತಾಯಿ ಎಂಬ ಸುಳಿವಿದ್ದವರಿಗೆ ಸಾಮರ್ಥ್ಯದ ಅಂಕವೂ ಸಂಬಳದ ಸೂಚನೆಯೂ ಕಡಿಮೆಯಾದವು. ತಂದೆ ಎಂಬ ಸುಳಿವಿದ್ದವರಿಗೆ ಅಂಥ ನಷ್ಟವಾಗಲಿಲ್ಲ. ಪ್ರಯಾಣದ ಪ್ರಶ್ನೆಯನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಕೇಳಿ, ಉತ್ತರ ಅವರವರೇ ಕೊಡಲಿ.

ಇವನ್ನೆಲ್ಲ ಗಂಡಸೇ ಏಕೆ ಕೇಳಬೇಕು? ಡೇವಿಡ್ ಹೆಕ್‌ಮನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ ಒರಟಾಗಿದೆ. ಸಿಬ್ಬಂದಿಯಲ್ಲಿ ಹೆಣ್ಣು ಗಂಡು, ಬೇರೆ ಬೇರೆ ಜನಾಂಗದವರು ಇರಬೇಕೆಂಬ ವೈವಿಧ್ಯಕ್ಕೆ ಬೆಲೆ ಕೊಡುವಂತೆ ನಡೆದುಕೊಂಡ ಮಹಿಳಾ ನಾಯಕರಿಗೆ ಮೇಲಿನವರಿಂದ ಕಡಿಮೆ ರೇಟಿಂಗ್ ಬಂತು, ಬಿಳಿಯ ಪುರುಷ ನಾಯಕರಿಗೆ ಅಂಥ ದಂಡ ಬೀಳಲಿಲ್ಲ. ಮಹಿಳೆ ಮಹಿಳೆಯ ಪರ ಮಾತಾಡಿದರೆ 'ತನ್ನವರ' ಪರ ಎಂದಾಗುತ್ತದೆ. ಗಂಡಸು ಅದನ್ನೇ ಆಡಿದರೆ ಮಾತಿನ ವಿಷಯದ ಮೇಲೆ ಚರ್ಚೆ ನಡೆಯುತ್ತದೆ. ಇದು ನ್ಯಾಯವಲ್ಲ, ನಿಜ. ಆದರೆ ಯಾರಿಗೆ ಕಡಿಮೆ ಖರ್ಚೋ ಅವರು ಆ ಖರ್ಚು ಹಾಕಲಿ ಎನ್ನುವುದು ಸರಳ ಲೆಕ್ಕ.

ಇಲ್ಲೇ ಇನ್ನೊಂದು ಮಾತು. ಸಲಹೆ ಕೊಡುವುದು ಬೇರೆ, ಹೆಸರು ಸೂಚಿಸುವುದು ಬೇರೆ. ಸಲಹೆಗಾರ ಕಾಫಿ ಕುಡಿಯುತ್ತ "ಆತ್ಮವಿಶ್ವಾಸ ಬೆಳೆಸಿಕೊಳ್ಳಿ" ಎನ್ನುತ್ತಾನೆ. ಹೆಸರು ಸೂಚಿಸುವವನು ಬಾಗಿಲು ಹಾಕಿದ ಕೋಣೆಯಲ್ಲಿ "ಈ ಅಕೌಂಟ್ ಅವರಿಗೆ ಕೊಡಿ, ಕೆಟ್ಟರೆ ನಾನು ಉತ್ತರ ಕೊಡ್ತೀನಿ" ಎನ್ನುತ್ತಾನೆ. ಮಹಿಳೆಯರಿಗೆ ಮೊದಲನೆಯದು ಧಾರಾಳವಾಗಿ ಸಿಗುತ್ತದೆ. ಎರಡನೆಯದನ್ನು ವರ್ಷಕ್ಕೆ ಎರಡು ಸಲ ಮಾಡಿದರೂ ಒಂದು ಕಾರ್ಯಾಗಾರಕ್ಕಿಂತ ಹೆಚ್ಚು ಉಪಯೋಗ.

ಕಿರುಕುಳದ ಆಪಾದನೆ ಬಂದೀತೆಂಬ ಭಯದಿಂದ ಮಹಿಳೆಯರ ಜೊತೆ ಒಬ್ಬೊಬ್ಬರೇ ಮಾತಾಡುವುದನ್ನೇ ನಿಲ್ಲಿಸಿದ ಮ್ಯಾನೇಜರ್‌ಗಳಿದ್ದಾರೆ. ಅದರಿಂದ ಮ್ಯಾನೇಜರಿಗೆ ನಷ್ಟವಿಲ್ಲ, ಕಿರಿಯ ಮಹಿಳೆಗೆ ಮಾತ್ರ ಬೇರೆಯವರಿಗೆ ಸಿಗುವ ಮಾಹಿತಿ ಸಿಗುವುದಿಲ್ಲ. ಬಾಗಿಲು ತೆರೆದಿಡುವುದು, ಗಾಜಿನ ಕೋಣೆಯಲ್ಲಿ ಕೂರುವುದು, ಹಗಲು ಹೊತ್ತಿನಲ್ಲೇ ಭೇಟಿ ಎಂಬ ನಿಯಮ ಬೇಕಿದ್ದರೆ ಇರಲಿ, ಗಂಡಸರ ಭೇಟಿಗೂ ಅದೇ ಇರಲಿ.

ಸಂಬಳದ ಗುಟ್ಟು

ಲಿಲಿ ಲೆಡ್‌ಬೆಟರ್ ಎಂಬ ಅಮೆರಿಕದ ಮೇಲ್ವಿಚಾರಕಿಗೆ ನಿವೃತ್ತಿ ಹತ್ತಿರ ಬಂದಾಗ ಯಾರೋ ಹೆಸರಿಲ್ಲದ ಚೀಟಿಯೊಂದನ್ನು ಇಟ್ಟುಹೋದರು. ಅದೇ ದರ್ಜೆಯ ಗಂಡಸರ ಸಂಬಳ ಅದರಲ್ಲಿತ್ತು. ಆಕೆಗೆ ತಿಂಗಳಿಗೆ 3,727 ಡಾಲರ್. ಗಂಡಸರಲ್ಲಿ ಅತಿ ಕಡಿಮೆ ಪಡೆಯುವವರಿಗೆ 4,286, ಅತಿ ಹೆಚ್ಚಿನವರಿಗೆ 5,236. ದೂರು ಕೊಡುವ ಗಡುವು ಮೀರಿದೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ವಿರುದ್ಧ ತೀರ್ಪು ಕೊಟ್ಟಿತು. ಗೊತ್ತೇ ಇಲ್ಲದ ತಾರತಮ್ಯದ ಮೇಲೆ ಗಡುವಿನೊಳಗೆ ದೂರು ಕೊಡುವುದು ಹೇಗೆ ಎಂಬ ಪ್ರಶ್ನೆ ಎದ್ದು, 2009ರ ಜನವರಿಯಲ್ಲಿ ಆಕೆಯ ಹೆಸರಿನಲ್ಲೇ ಕಾಯ್ದೆ ಬಂತು.

ಆ ಚೀಟಿಯ ಕೆಲಸವನ್ನು ಗಂಡು ಸಹೋದ್ಯೋಗಿ ಹೆಸರು ಮುಚ್ಚಿಡದೆ ಮಾಡಬಹುದು. ಮಹಿಳಾ ಸಹೋದ್ಯೋಗಿ ಹೊಸ ಕೆಲಸಕ್ಕೋ ಇನ್‌ಕ್ರಿಮೆಂಟಿಗೋ ಮಾತಾಡಲು ಹೊರಟಾಗ "ಚೆನ್ನಾಗಿಯೇ ಕೊಡ್ತಾರೆ" ಎಂದರೆ ಪ್ರಯೋಜನವಿಲ್ಲ. ಮೂಲ ಸಂಬಳ ಇಷ್ಟು, ಬೋನಸ್ ಇಷ್ಟು, ಸೇರಿದ ವರ್ಷ ಇದು, ಸೇರುವಾಗ ಕೇಳಿದ್ದು ಇಷ್ಟು, ಸಿಕ್ಕಿದ್ದು ಇಷ್ಟು ಎಂದು ಬಿಡಿಬಿಡಿಯಾಗಿ ಹೇಳಬೇಕು. ಮೊದಲು ನಿಮ್ಮ ಕರಾರುಪತ್ರವನ್ನೂ ಕಾನೂನನ್ನೂ ನೋಡಿಕೊಳ್ಳಿ. ಸಂಬಳದ ಮಾತು ನಿಷೇಧ ಎಂದು ಕಂಪನಿ ಹೇಳುವ ಹಲವು ಕಡೆ ಕಾನೂನು ಹಾಗೆ ಹೇಳುವುದಿಲ್ಲ. ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನವಂತೂ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವುದನ್ನೇ ತಡೆಯುತ್ತದೆ. ಅದನ್ನು ಕಾನೂನಾಗಿಸಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಐಸ್‌ಲೆಂಡ್‌ನಲ್ಲಿ 2018ರಲ್ಲಿ ಜಾರಿಯಾದ ಕಾನೂನು, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಮಾನ ವೇತನ ಕೊಡುತ್ತಿರುವುದನ್ನು ತಾವೇ ಸಾಬೀತು ಮಾಡಬೇಕೆಂದಿತು.

ಹಿಂದಿನ ಸಂಬಳ ಕೇಳುವುದರಲ್ಲಿ ತಪ್ಪೇನು ಎನ್ನುವವರು ಈ ಲೆಕ್ಕ ಹಾಕಿ ನೋಡಲಿ. ಒಂದೇ ಕೆಲಸಕ್ಕೆ ಒಬ್ಬರು 100, ಇನ್ನೊಬ್ಬರು 92 ಎಂಬಂತೆ ಸೇರುತ್ತಾರೆ. ಇಬ್ಬರಿಗೂ ವರ್ಷಕ್ಕೆ ಶೇ 8 ಏರಿಕೆ, ಎಲ್ಲೂ ಭೇದವಿಲ್ಲ. ಹತ್ತು ವರ್ಷಕ್ಕೆ ಒಬ್ಬರದು ಸುಮಾರು 216, ಇನ್ನೊಬ್ಬರದು 199. ಎಂಟರ ಅಂತರ ಹದಿನೇಳಾಗಿದೆ. ಇನ್ನೊಂದು ಕಂಪನಿ ಹಿಂದಿನ ಸಂಬಳದ ಮೇಲೆ ಶೇ 20 ಸೇರಿಸಿ ಕೊಟ್ಟರೆ ಅಂತರ ಅಲ್ಲಿಗೂ ಹಿಂಬಾಲಿಸುತ್ತದೆ. ಮ್ಯಾನೇಜರ್ ಆದವರು ವರ್ಷಕ್ಕೊಮ್ಮೆ ಒಂದೇ ಹುದ್ದೆ, ಒಂದೇ ಅನುಭವದವರ ಮೂಲ ಸಂಬಳ, ಬೋನಸ್, ಷೇರುಗಳನ್ನು ಬೇರೆ ಬೇರೆ ಕಾಲಮ್ಮಿನಲ್ಲಿಟ್ಟು ನೋಡಬೇಕು. ಒಟ್ಟು ಸರಾಸರಿ ನೋಡಿದರೆ ಬೋನಸ್ಸಿನಲ್ಲಿ ಅಡಗಿದ ಅಂತರ ಕಾಣುವುದಿಲ್ಲ.

ಅಪ್ಪನ ರಜೆ

ಮಗು ಹುಟ್ಟಿದ ಮೇಲೆ ಗಂಡಸು ತೆಗೆದುಕೊಳ್ಳುವ ರಜೆ ಆತನ ಮನೆಯ ಖಾಸಗಿ ವಿಷಯವೆಂದು ತೋರುತ್ತದೆ. ಕಚೇರಿಗೆ ಅದು ಸಾರ್ವಜನಿಕ ಪ್ರಕಟಣೆ. ತಾಯಿ ಮಾತ್ರ ರಜೆ ಹಾಕುತ್ತಾಳೆ ಎಂದಿರುವಷ್ಟು ಕಾಲ, ಯುವತಿಯ ನೇಮಕವೆಂದರೆ ಮುಂದೊಂದು ದಿನ ಖಾಲಿಯಾಗುವ ಕುರ್ಚಿ ಎಂಬ ಲೆಕ್ಕ ಮ್ಯಾನೇಜರನ ತಲೆಯಲ್ಲಿ ಓಡುತ್ತಿರುತ್ತದೆ. ಗಂಡಸೂ ಹಾಕುತ್ತಾನೆ ಎಂದಾದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಸ್ವೀಡನ್ 1974ರಲ್ಲೇ ಪೋಷಕರ ರಜೆಯನ್ನು ಇಬ್ಬರಿಗೂ ತೆರೆಯಿತು. ಆದರೂ ಬಹುಕಾಲ ಅದನ್ನು ಬಳಸಿದ್ದು ತಾಯಂದಿರೇ. ಹಂಚಿಕೊಳ್ಳಬಹುದಾದ ರಜೆ ಹಂಚಿಹೋಗುವುದಿಲ್ಲ, ಒಂದು ಕಡೆಗೇ ವಾಲುತ್ತದೆ. ನಾರ್ವೆ 1993ರ ಏಪ್ರಿಲ್‌ನಲ್ಲಿ ನಾಲ್ಕು ವಾರವನ್ನು ತಂದೆಗೆಂದೇ ಮೀಸಲಿಟ್ಟಿತು. ಬಳಸದಿದ್ದರೆ ಸಾಮಾನ್ಯವಾಗಿ ಅದು ಕಳೆದುಹೋಗುತ್ತಿತ್ತು. ಆ ಬದಲಾವಣೆಯ ಮೇಲೆ ಗೋರ್ಡನ್ ಡಾಲ್, ಕಾಟ್ರಿನ್ ಲೋಕನ್ ಮತ್ತು ಮಾಗ್ನೆ ಮೊಗ್‌ಸ್ತಾದ್ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಕುತೂಹಲದ್ದು. ಜೊತೆಯವನೊಬ್ಬ ರಜೆ ಹಾಕಿದ್ದರೆ ಸಹೋದ್ಯೋಗಿ ಹಾಕುವ ಸಾಧ್ಯತೆ 11 ಶೇಕಡಾ ಅಂಶ ಏರಿತು, ಅಣ್ಣತಮ್ಮಂದಿರಲ್ಲಿ 15. ರಜೆ ಹಾಕಿದವನು ಹಿರಿಯ ಮ್ಯಾನೇಜರ್ ಆಗಿದ್ದರೆ ಪರಿಣಾಮ ಎರಡೂವರೆ ಪಟ್ಟಿಗೂ ಹೆಚ್ಚು. ರಜೆ ಹಾಕಿದ ಮೇಲೂ ಕೆಲಸ ಉಳಿಯುತ್ತದೆ, ಬಡ್ತಿ ಕೈತಪ್ಪುವುದಿಲ್ಲ ಎಂದು ಕಣ್ಣಾರೆ ಕಂಡದ್ದೇ ಅದಕ್ಕೆ ಕಾರಣವೆಂದು ಲೇಖಕರು ಅರ್ಥೈಸಿದರು.

ಆದ್ದರಿಂದ ಹಿರಿಯ ಹುದ್ದೆಯಲ್ಲಿರುವವರು ರಜೆಯನ್ನು ಕದ್ದುಮುಚ್ಚಿ ಹಾಕಬಾರದು. ಆರೆಂಟು ವಾರ ಮೊದಲೇ ತಂಡಕ್ಕೆ ತಿಳಿಸಿ. ಯಾವ ಕೆಲಸ ಯಾರಿಗೆ, ಯಾವ ನಿರ್ಧಾರ ಯಾರು ತೆಗೆದುಕೊಳ್ಳಬಹುದು, ಯಾವುದು ಕಾಯಬಹುದು ಎಂದು ಒಂದು ಪುಟದ ಹ್ಯಾಂಡ್‌ಓವರ್ ಬರೆಯಿರಿ. ಹೊರಡುವ ಮುಂಚೆ ಒಂದು ವಾರ ಆ ವ್ಯಕ್ತಿಯೇ ಕೆಲಸ ನಡೆಸಲಿ, ನೀವು ಪಕ್ಕದಲ್ಲಿರಿ. ರಜೆಯಲ್ಲಿ ದಿನಕ್ಕೆ ಮೂರು ಸಲ ಮೇಲ್ ನೋಡಿ ಉತ್ತರಿಸಿದರೆ ಕಿರಿಯರಿಗೆ ಹೋಗುವ ಸಂದೇಶ ಒಂದೇ: ಇಲ್ಲಿ ರಜೆ ಎಂದರೆ ಮನೆಯಿಂದ ಕೆಲಸ.

ರಜೆಯನ್ನು ಹೇಗೆ ಬಳಸುತ್ತೀರಿ ಎಂಬುದೂ ಮುಖ್ಯ. ಅಮೆರಿಕದ ವಿಶ್ವವಿದ್ಯಾಲಯಗಳು ಮಗುವಾದ ಪ್ರಾಧ್ಯಾಪಕರಿಗೆ, ಗಂಡು ಹೆಣ್ಣೆನ್ನದೆ, ಖಾಯಂ ಹುದ್ದೆಯ ಪರೀಕ್ಷಾವಧಿಯನ್ನು ಒಂದು ವರ್ಷ ವಿಸ್ತರಿಸತೊಡಗಿದವು. ಅರ್ಥಶಾಸ್ತ್ರ ವಿಭಾಗಗಳಲ್ಲಿ ಇದರ ಫಲವನ್ನು ಹೆದರ್ ಆಂಟಿಕಾಲ್, ಕೆಲ್ಲಿ ಬೆಡಾರ್ಡ್ ಮತ್ತು ಜೆನ್ನಾ ಸ್ಟರ್ನ್ಸ್ 2018ರಲ್ಲಿ ತೋರಿಸಿದರು. ಗಂಡಸರಿಗೆ ಖಾಯಂ ಆಗುವ ಪ್ರಮಾಣ ಏರಿತು, ಮಹಿಳೆಯರಿಗೆ ಇಳಿಯಿತು. ಸಿಕ್ಕ ಕಾಲದಲ್ಲಿ ಗಂಡಸರು ಉನ್ನತ ಪತ್ರಿಕೆಗಳಲ್ಲಿ ಹೆಚ್ಚು ಪ್ರಕಟಿಸಿದ್ದರು. ನಿಯಮ ಕಾಗದದ ಮೇಲೆ ಸಮಾನವಾಗಿಯೇ ಇತ್ತು. ತಾಯಿ ಕೆಲಸಕ್ಕೆ ಮರಳಿದ ಮೇಲೆ ತಂದೆ ಒಬ್ಬನೇ ಮಗುವಿನ ಜೊತೆ ಇರುವಂತೆ ರಜೆ ಹಾಕಿದರೆ ಇಂಥ ದಾರಿ ತಪ್ಪುವಿಕೆ ಕಡಿಮೆ.

ರಜೆ ಮುಗಿದರೂ ಮಗು ಮುಗಿಯುವುದಿಲ್ಲ. 2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಕೆಲಸದ ಒಂದು ತಿರುಳು ಇದು: ಹೊತ್ತಿಲ್ಲದ ಹೊತ್ತಿನಲ್ಲಿ ಕರೆದಾಗ ಸಿಗುವವರಿಗೆ ಗಂಟೆಯ ಲೆಕ್ಕಕ್ಕೂ ಮೀರಿ ಹೆಚ್ಚು ಸಂಬಳ ಸಿಗುವ ಕೆಲಸಗಳಲ್ಲಿ ವೇತನದ ಅಂತರ ದೊಡ್ಡದು. ಸಂಜೆ ಆರೂವರೆಗೆ ಇಟ್ಟ ಮೀಟಿಂಗ್ ಯಾರ ವಿರುದ್ಧವೂ ಅಲ್ಲ ಎಂದು ಇಟ್ಟವರು ಪ್ರಾಮಾಣಿಕವಾಗಿ ನಂಬಿರುತ್ತಾರೆ. ಕ್ಯಾಲೆಂಡರಿನಲ್ಲಿ 'ಮಗುವನ್ನು ಕರೆತರಬೇಕು' ಎಂದು ಗಂಡಸೇ ಎಲ್ಲರಿಗೂ ಕಾಣುವಂತೆ ಬರೆದರೆ ಆ ಮೀಟಿಂಗ್ ನಾಲ್ಕಕ್ಕೆ ಸರಿಯುವುದನ್ನು ನೋಡಬಹುದು.

ಕಂಡಾಗ, ತಪ್ಪಿದಾಗ

ಕಿರುಕುಳದ ವಿಷಯದಲ್ಲಿ ಗಂಡಸರು ಎಡವುವುದು ಮೌನದಲ್ಲಿ, ಇಲ್ಲವೇ ಅತ್ಯುತ್ಸಾಹದಲ್ಲಿ. ಕೆಟ್ಟ ಜೋಕ್ ಕೇಳಿದಾಗ ನಗದೆ "ಇದು ಬೇಡ" ಎಂದು ವಿಷಯ ಬದಲಿಸಲು ಐದು ಸೆಕೆಂಡ್ ಸಾಕು. ಅದಕ್ಕಿಂತ ಗಂಭೀರವಾದದ್ದನ್ನು ಕಂಡರೆ ತಾರೀಕು, ಸಮಯ, ಜಾಗ, ಆಡಿದ ಮಾತು ಆಡಿದ ಹಾಗೇ, ಅಲ್ಲಿದ್ದವರ ಹೆಸರು, ಎಲ್ಲವನ್ನೂ ಅಂದೇ ಬರೆದಿಡಿ. ತಿಂಗಳ ನಂತರದ ನೆನಪಿಗೆ ವಿಚಾರಣೆಯಲ್ಲಿ ತೂಕ ಕಡಿಮೆ. ಆಮೇಲೆ ಆಕೆಯನ್ನು ಒಬ್ಬರೇ ಇದ್ದಾಗ ಕೇಳಿ: "ನಾನು ನೋಡಿದೆ. ನಿಮಗೆ ಏನು ಮಾಡಿದರೆ ಅನುಕೂಲ? ಸಾಕ್ಷಿ ಬೇಕಿದ್ದರೆ ನಾನಿದ್ದೇನೆ." ಆಕೆಯನ್ನು ಕೇಳದೆ ಆತನ ಮೇಲೆ ಏರಿಹೋಗುವುದು ಸಿನಿಮಾಕ್ಕೆ ಸರಿ. ಕಚೇರಿಯಲ್ಲಿ ಅದರ ಬೆಲೆ ಆಕೆ ತೆರುತ್ತಾಳೆ. ನೀವು ಮ್ಯಾನೇಜರ್ ಆಗಿದ್ದು, ತಿಳಿದ ವಿಷಯವನ್ನು ವರದಿ ಮಾಡಲೇಬೇಕೆಂಬ ನಿಯಮ ನಿಮ್ಮ ಮೇಲಿದ್ದರೆ, ಆಕೆ ಬಾಯಿಬಿಡುವ ಮೊದಲೇ ಅದನ್ನು ತಿಳಿಸಿಬಿಡಿ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಮೇಲೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ಕಚೇರಿಯ ಗೋಡೆಗೆ ನಿಲ್ಲುವುದಿಲ್ಲ. ಕೆಲಸದ ಪ್ರಯಾಣ, ಕೆಲಸಕ್ಕೆ ಸಂಬಂಧಿಸಿದ ಪಾರ್ಟಿ, ಇಮೇಲ್, ಫೋನ್ ಸಂದೇಶ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳಿಸಿದ್ದು ಖಾಸಗಿ ಎಂದು ನಂಬಿದವರಿಗೆ ಇದನ್ನು ತಿಳಿಸಬಹುದು.

ಇಷ್ಟೆಲ್ಲ ಓದಿ ಒಪ್ಪಿದವರೂ ನಾಳಿನ ಮೀಟಿಂಗ್‌ನಲ್ಲೇ ಯಾರದೋ ಮಾತಿಗೆ ಅಡ್ಡಬರುತ್ತಾರೆ. ಯಾರಾದರೂ ಅದನ್ನು ಎತ್ತಿ ತೋರಿಸುತ್ತಾರೆ. ಆಗ ತನ್ನ ಉದ್ದೇಶ ಏನಿತ್ತು, ಮನೆಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ ಎಂದು ವಿವರಿಸಲು ಹೊರಟರೆ, ಮಾತು ಕಳೆದುಕೊಂಡವರೇ "ಪರವಾಗಿಲ್ಲ ಬಿಡಿ" ಎಂದು ಸಮಾಧಾನ ಹೇಳಬೇಕಾಗುತ್ತದೆ. ಹತ್ತು ನಿಮಿಷದ ಕ್ಷಮಾಪಣೆಯೂ ಇನ್ನೊಂದು ಅಡ್ಡಮಾತೇ. "ಹೌದು, ಕ್ಷಮಿಸಿ. ನೀವು ಹೇಳಿ" ಎಂದು ಆಕೆಯತ್ತ ತಿರುಗಿ, ಪೆನ್ನು ಎತ್ತಿಕೊಂಡು ಆಕೆ ಹೇಳಿದ್ದನ್ನು ಬರೆದುಕೊಳ್ಳಿ.